ಪರದೆಯ ಮೇಲಿನ ಹೆಸರು

"ಪೇಟಿ ಮಾಸ್ತರ ಸಕ್ರಪ್ಪನವರ ಮಗಳು ನೀಲಾ ಅಂತ... ಇಲ್ಲೇ ಪಾಠಾ ಮಾಡ್ತಾರಂತಲ್ರಿ. ಯಾರ್ರೀ ಅವರು?"

ಗದಗಿನ ಆ ಕಾಲೇಜಿನ ಗೇಟಿನ ಹತ್ತಿರ ಮಧ್ಯಾಹ್ನದ ಬಿಸಿಲು ಚುರುಗುಡುತ್ತಿತ್ತು. ನಾಲ್ಕೈದು ಉಪನ್ಯಾಸಕಿಯರು ಊಟದ ಡಬ್ಬಿ ಹಿಡಿದು ಬೇವಿನ ಮರದ ನೆರಳಿಗೆ ಹೊರಟಿದ್ದರು. ಎದುರಿಗೆ ಬೈಕ್ ನಿಲ್ಲಿಸಿಕೊಂಡು ನಿಂತಿದ್ದ ಒಬ್ಬ ಯುವಕ. ಅಂಗಿಯ ತೋಳಿನ ಮೇಲೆ ಹಸಿರು ಬಣ್ಣದ ಕಲೆ. ಹಿಂದಿನ ಸೀಟಿಗೆ ಹಗ್ಗದಿಂದ ಬಿಗಿದ ಹಳೆಯ ಹಾರ್ಮೋನಿಯಂ...

ನಡೆಯುತ್ತಿದ್ದ ನೀಲಾ ಅಲ್ಲೇ ನಿಂತಳು.

ಅದು ಅಪ್ಪನ ಪೇಟಿ! ಹುಟ್ಟಿದಾಗಿನಿಂದ ಕಂಡ ಪೇಟಿಯನ್ನು ಅವಳು ಗುರುತಿಸದೆ ಇರುತ್ತಾಳೆಯೇ?

"ಪೇಟಿ ಮಾಸ್ತರ ಅಂದ್ರ ಹಳ್ಳಿ ನಾಟಕದಾಗ ಬಾರಿಸ್ತಾರಲ್ಲ, ಅವರೇನ್ರಿ?" ಶೈಲಾ ಮೇಡಂ ನಕ್ಕರು. "ನಮ್ಮ ನೀಲಾ ಅಲ್ಲ ಬಿಡ್ರಿ. ಇವರ ತಂದಿಯವರು ಡ್ರಾಯಿಂಗ್ ಟೀಚರ್ ಇದ್ರು."

ಹಾಗೆಂದು ನೀಲಾಳೇ ಹೇಳಿಕೊಂಡಿದ್ದಳು. ಮೂರು ವರ್ಷದ ಹಿಂದೆ, ಕೆಲಸಕ್ಕೆ ಸೇರಿದ ಮೊದಲ ವಾರವೇ.

ಎಲ್ಲರ ಕಣ್ಣೂ ಅವಳ ಮೇಲೆ. ಈಗ ಹೇಳಬೇಕಾದದ್ದು ಒಂದೇ ಮಾತು... ನಾನೇ ಅವರ ಮಗಳು ಅಂತ. ಅಷ್ಟೇ!

"ಬ್ಯಾರೆ ಯಾರೋ ಇರಬೇಕ್ರಿ," ಎಂದಳು ನೀಲಾ. "ನನಗ ಗೊತ್ತಿಲ್ಲ."

ಯುವಕ ಒಂದು ಕ್ಷಣ ಅವಳ ಮುಖವನ್ನೇ ನೋಡಿದ. ಅವನಿಗೆ ಗೊತ್ತಾಗಿತ್ತು. ಅವನಿಗೆ ಗೊತ್ತಾಯಿತೆಂದು ಅವಳಿಗೂ ಗೊತ್ತಾಯಿತು.

"ಹಂಗಾರ ತಪ್ಪಾತ್ರಿ. ಮಾಫ್ ಮಾಡ್ರಿ," ಎಂದು ಬೈಕ್ ತಿರುಗಿಸಿದ.

ಆ ದಿನ ಡಬ್ಬಿಯೊಳಗಿನ ರೊಟ್ಟಿಯನ್ನು ಅವಳು ಹಾಗೇ ಮುಚ್ಚಿಟ್ಟಳು. ಛೀ... ಸತ್ತ ಅಪ್ಪನನ್ನು ಗೊತ್ತೇ ಇಲ್ಲ ಎಂದುಬಿಟ್ಟೆನಲ್ಲ! ನಾಲ್ಕು ಗಂಟೆಗೆ ಗೇಟು ದಾಟಿದರೆ ಎದುರಿನ ಚಹಾದಂಗಡಿಯ ಬೆಂಚಿನ ಮೇಲೆ ಅವನು ಕೂತೇ ಇದ್ದಾನೆ. ಪಕ್ಕದಲ್ಲಿ ಪೇಟಿ.

"ನೀವು ಬರ್ತೀರಂತ ಗೊತ್ತಿತ್ರಿ."

"ಹೆಂಗ?"

"ಮಾಸ್ತರ ಹೇಳಿದ್ರು. ನಮ್ಮ ನೀಲಾ ಮಂದ್ಯಾಗ ನಾಚತಾಳ, ಒಬ್ಬಾಕಿನ ಇದ್ದಾಗ ಭಾಳ ಛಲೋ ಹುಡುಗಿ ಅಂತ."

ಅದಕ್ಕಿಂತ ಅವನು ಕೆನ್ನೆಗೊಂದು ಬಾರಿಸಿದ್ದರೆ ಅವಳಿಗೆ ಹಗುರವಾಗುತ್ತಿತ್ತು.

*

ಹಿತ್ತಲ ಗಿಡ ಮದ್ದಲ್ಲ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ಸಕ್ರಪ್ಪ ಮಾಸ್ತರ ಗದಗ, ಮುಂಡರಗಿ, ಶಿರಹಟ್ಟಿ ಸೀಮೆಯ ಹಳ್ಳಿಹಳ್ಳಿಗೂ ಬೇಕಾದವರು. ಹೊಟ್ಟೆಯಲ್ಲಿ ಹುಟ್ಟಿದ ಒಬ್ಬಳೇ ಮಗಳಿಗೆ ಮಾತ್ರ ಬೇಡವಾದವರು.

ಸೊರಟೂರಿನ ಒಕ್ಕಲುತನದ ಮನೆಯಲ್ಲಿ ಹುಟ್ಟಿದ ಮನುಷ್ಯ. ಪೇಟಿ ಬಾರಿಸುತ್ತಿದ್ದರು, ಹಾಡುತ್ತಿದ್ದರು, ಹಾಡು ಕಟ್ಟುತ್ತಿದ್ದರು. ಸುಗ್ಗಿ ಮುಗಿದರೆ ಊರೂರಿಗೆ ಹೋಗಿ ರೈತ ಹುಡುಗರಿಗೆ ನಾಟಕ ಕಲಿಸುತ್ತಿದ್ದರು. ರಂಗದ ಪರದೆಗಳನ್ನು ಬರೆಯುತ್ತಿದ್ದರು. ಅರಮನೆ, ಅಡವಿ, ಓಣಿ... ಒಂದೊಂದು ಪರದೆಯೂ ಒಂದು ಗೋಡೆಯಷ್ಟು ದೊಡ್ಡದು. ಹರೆಯದಲ್ಲಿ ಸೀರೆಯುಟ್ಟು ರಾಣಿಯ ಪಾತ್ರಕ್ಕೆ ನಿಂತರೆ ಮುಂದೆ ಕೂತ ಹೆಂಗಸರೇ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರಂತೆ!

ಆ ಸೀರೆಯೇ ನೀಲಾಳಿಗೆ ಮುಳ್ಳಾಯಿತು. ಗದಗಿನ ಹೈಸ್ಕೂಲಿನಲ್ಲಿ ಹುಡುಗಿಯರು ಅವಳ ಮುಂದೆ ಸೊಂಟ ಕುಣಿಸಿ ನಡೆಯುತ್ತಿದ್ದರು. "ರಾಣಿ ಮಗಳು ಬಂದ್ಳು, ದಾರಿ ಬಿಡ್ರಲೇ!" ಆಮೇಲೆ ಹಾಸ್ಟೆಲ್, ಧಾರವಾಡ, ಎಂ.ಎಸ್ಸಿ. ಊರಿಗೆ ಬರುವುದೇ ಕಡಿಮೆಯಾಯಿತು. ಹೋದ ವರ್ಷ ಅಪ್ಪ, ನಾಟಕ ಕಲಿಸಲೆಂದು ಮುಂಡರಗಿಯಲ್ಲಿ ಹಿಡಿದಿದ್ದ ಕೋಣೆಯಲ್ಲಿ ಮಲಗಿದವರು ಬೆಳಿಗ್ಗೆ ಏಳಲೇ ಇಲ್ಲ.

"ಅವರ ಮಣ್ಣಿಗೆ ನಾನೂ ಬಂದಿದ್ದೆ," ಎಂದ ಯುವಕ. "ನೀವು ಸೆರಗಿನ್ಯಾಗ ಮುಖಾ ಮುಚ್ಚಿಕೊಂಡು ಕುಂತಿದ್ರಿ, ಯಾರನ್ನೂ ನೋಡಲಿಲ್ಲ ಅವತ್ತ."

ಅವನ ಹೆಸರು ಹೊನ್ನೇಶ. ಮುಂಡರಗಿ ತಾಲೂಕಿನ ಕೊರ್ಲಹಳ್ಳಿಯವನು. ಹನ್ನೆರಡು ವರ್ಷ ಮುಂಡರಗಿಯ ಆ ಕೋಣೆಯಲ್ಲಿ ಅಪ್ಪನ ಹತ್ತಿರವೇ ಇದ್ದು ಪೇಟಿಯನ್ನೂ ಬಣ್ಣವನ್ನೂ ಕಲಿತವನು. ಬರುವ ತಿಂಗಳು ಲಕ್ಷ್ಮೇಶ್ವರದಲ್ಲಿ ಮಾಸ್ತರರ ಮೊದಲ ಪುಣ್ಯಸ್ಮರಣೆ. ಅಲ್ಲಿನ ಮೆಣಸಿನಕಾಯಿ ವ್ಯಾಪಾರಿ ಚನ್ನಬಸವಣ್ಣನವರು ಮುಂದೆ ನಿಂತು ಮಾಡಿಸುತ್ತಿದ್ದಾರೆ. ಮಾಸ್ತರರ ಜೀವನದ ಕುರಿತು ಒಂದು ಪುಸ್ತಕ ಆಗಬೇಕು.

"ನನಗ ಬಣ್ಣಾ ಬಳಿಯಾಕ ಬರತೈತ್ರಿ, ಬರಿಯಾಕ ಬರೂದಿಲ್ಲ. ನೀವು ಬರೀರಿ. ನಾ ಊರೂರಿಗೆ ಕರಕೊಂಡ ಹೊಕ್ಕೀನಿ."

"ಅಪ್ಪನ ಬಗ್ಗೆ ನನಗ ಏನೂ ಗೊತ್ತಿಲ್ರಿ..."

"ಅದಕ್ಕ ಹೋಗೂಣು ಅಂದೆ."

ಬೇಡ ಎನ್ನಲು ಅವಳಿಗೆ ಮುಖವಿರಲಿಲ್ಲ.

*

ಮೊದಲ ಭಾನುವಾರ ಸೊರಟೂರು. ಅಪ್ಪನ ಗೆಳೆಯ ಹನಮಂತನ ಪಡಸಾಲೆಯ ಗೋಡೆಯ ಮೇಲೆ ಒಂದು ಬಿಳಿ ಎತ್ತು! ಎಡಗೋಡು ಚೂರು ಸೊಟ್ಟ.

"ನನ್ನ ಎತ್ತು ಸತ್ತಾಗ ನಾ ಎಂಟ ದಿನಾ ಉಣಲಿಲ್ಲವಾ ತಂಗಿ. ನಿಮ್ಮಪ್ಪ ಬಂದ. ಬಾಯಿ ಮಾತ್ಲೆ ಸಮಾಧಾನ ಹೇಳಲಿಲ್ಲ. ಇಡೀ ದಿನಾ ಕುಂತು ಇದನ್ನ ಬರದು, ಈಗ ಉಣ್ಣು ಅಂದು ಹೋದ."

ಎರಡನೆಯ ಭಾನುವಾರ ಹಿರೇಹಂದಿಗೋಳ. ಫಕ್ಕೀರವ್ವ ಎಂಬ ಮುದುಕಿ ನೀಲಾಳ ಗದ್ದ ಹಿಡಿದು ನೋಡಿದಳು.

"ಬೀಸೂ ಪದಾ ನಂದು. ನಿಮ್ಮಪ್ಪ ಕಟ್ಟಿ ಮ್ಯಾಲೆ ಕುಂತು ಧಾಟಿ ಕಲ್ತ, ನಾಟಕಕ್ಕ ಹಾಕಿದ. ಆದ್ರ ಪ್ರತಿ ಸಲಾ ಹಾಡೂ ಮುಂಚೆ ಮೈಕಿನ್ಯಾಗ ಹೇಳತಿದ್ದ ನೋಡು, 'ಈ ಧಾಟಿ ನಂದಲ್ಲ, ಹಿರೇಹಂದಿಗೋಳದ ಫಕ್ಕೀರವ್ವಂದು' ಅಂತ! ಅಕ್ಷರಾ ಗೊತ್ತಿಲ್ಲದಾಕಿ ಹೆಸರು ಹತ್ತೂರ ಮಂದಿ ಕೇಳ್ಯಾರ."

ನೀಲಾ ವಹಿಯಲ್ಲಿ ಬರೆದುಕೊಂಡಳು. ಅಕ್ಷರಗಳು ಕಣ್ಣಿಗೆ ಮಸುಕಾದವು. ಇಂಥ ಮನುಷ್ಯ ನನ್ನ ಮನೆಯಲ್ಲೇ ಇದ್ದ... ನಾನೇ ನೋಡಲಿಲ್ಲ!

ಹೀಗೆ ಐದು ಭಾನುವಾರ. ಹುಡುಕುತ್ತಾ ಹೋದದ್ದು ಅಪ್ಪನನ್ನು. ಆದರೆ ದಾರಿಯುದ್ದಕ್ಕೂ ಬೈಕಿನ ಮೇಲೆ ಎದುರಿಗಿದ್ದದ್ದು ಹೊನ್ನೇಶನ ಬೆನ್ನಲ್ಲವೇ? ಮನಸ್ಸು ಎಷ್ಟು ದಿನ ಸುಮ್ಮನಿದ್ದೀತು! ಅವನು ಮಾತು ಕಡಿಮೆ ಆಡುತ್ತಿದ್ದ, ಆಡಿದರೆ ನಗಿಸುತ್ತಿದ್ದ. ಹೊಲದ ಬದುವಿನಲ್ಲಿ ಕೂತು ಬುತ್ತಿ ಬಿಚ್ಚಿದರೆ ಶೇಂಗಾ ಚಟ್ನಿಯನ್ನು ಅವಳ ರೊಟ್ಟಿಗೇ ಹೆಚ್ಚು ಹಾಕುತ್ತಿದ್ದ.

ಐದನೆಯ ಭಾನುವಾರ ಕೊರ್ಲಹಳ್ಳಿಯ ಹೊಳೆದಂಡೆ. ತುಂಗಭದ್ರೆ ತಣ್ಣಗೆ ಹರಿಯುತ್ತಿದ್ದಳು. ಹೊನ್ನೇಶ ಅಪ್ಪ ಕಟ್ಟಿದ ಒಂದು ಹಾಡನ್ನು ಮೆಲ್ಲಗೆ ಗುನುಗಿ ನಿಲ್ಲಿಸಿದ.

"ನೀಲಾ ಅವ್ರ... ಒಂದ್ ಮಾತ ಕೇಳ್ಲಿ?"

"ಕೇಳ್ರಿ."

"ಈ ಪುಸ್ತಕ ಮುಗದ ಮ್ಯಾಲೂ ಭಾನುವಾರ ಇರತಾವಲ್ರಿ..."

ಅವಳ ಕೆನ್ನೆ ಕೆಂಪಾಯಿತು. "ಇರತಾವು," ಎಂದಳು, ಹೊಳೆಯ ಕಡೆ ನೋಡುತ್ತಾ.

ಅಷ್ಟೇ. ಆದರೆ ಆ ಒಂದು ಮಾತನ್ನು ಅವಳು ವಾರವಿಡೀ ಕ್ಲಾಸಿನಲ್ಲಿ ರಾಸಾಯನಿಕ ಸಮೀಕರಣ ಬರೆಯುವಾಗಲೂ ನೆನೆಸಿಕೊಂಡು ನಕ್ಕಳು.

*

ಮುಂದಿನ ಶನಿವಾರ ಬೆಟಗೇರಿ.

ಅಯ್ಯೂಬ ಚಾಚಾನದು ರಂಗಸಜ್ಜಿಕೆಯ ಅಂಗಡಿ. ಹಳ್ಳಿ ನಾಟಕಗಳಿಗೆ ಪರದೆ, ಕಿರೀಟ, ದೀಪ ಎಲ್ಲ ಅಲ್ಲಿಂದಲೇ ಬಾಡಿಗೆಗೆ ಹೋಗುತ್ತವೆ. ಅಪ್ಪನ ಪರದೆಗಳು ಅಲ್ಲಿವೆ, ಪುಣ್ಯಸ್ಮರಣೆಯ ದಿನ ಕಟ್ಟಬೇಕು ಎಂದು ಚನ್ನಬಸವಣ್ಣ ಹೇಳಿದ್ದರು. ಚಾಚಾ ಮಗಳ ಬಾಣಂತನಕ್ಕೆಂದು ಬಳ್ಳಾರಿಗೆ ಹೋಗಿದ್ದ. ಕೀಲಿಕೈ ಹೊನ್ನೇಶನ ಹತ್ತಿರವಿತ್ತು. ಆದರೆ ಆ ದಿನ ಅವನ ಮುಖದಲ್ಲಿ ಕಳೆ ಇರಲಿಲ್ಲ.

"ಹೊರಗ ಬಿಸಲೈತಿ, ಒಳಗ ಧೂಳೈತಿ. ನೀವು ಬ್ಯಾಡ್ರಿ. ನಾನ ಆರಿಸಿ ತರ್ತೀನಿ," ಎಂದ ಎರಡು ಸಲ.

"ಅಪ್ಪನ ಪರದಿ ನಾ ನೋಡಬೇಕ್ರಿ."

ಒಂದು ತುದಿ ಅವನು ಹಿಡಿದ, ಇನ್ನೊಂದು ತುದಿ ಅವಳು. ಅರಮನೆಯ ಪರದೆ ಬಿಚ್ಚಿಕೊಂಡಿತು. ಕಂಬಗಳು, ಜರಿಯ ತೆರೆ, ಸಿಂಹಾಸನ... ಮತ್ತು ಬಲಗಡೆ ಕಂಬದ ಬುಡದಲ್ಲಿ ಒಂದು ಪುಟ್ಟ ಅಳಿಲು!

ನೀಲಾ ಅಲ್ಲೇ ಕುಸಿದು ಕೂತಳು. ಆರು ವರ್ಷದವಳಿದ್ದಾಗ ಅವಳೇ ಕೇಳಿದ್ದಳು, ರಾಜಾ ಯುದ್ಧಕ್ಕ ಹೋದ್ರ ಅರಮನ್ಯಾಗ ಯಾರಿರತಾರಪ್ಪಾ ಅಂತ. ಅಂದಿನಿಂದ ಅಪ್ಪ ಬರೆದ ಎಲ್ಲ ಅರಮನೆಗಳಲ್ಲೂ ಒಂದು ಅಳಿಲು ಇರುತ್ತಿತ್ತು. ಇದು ಅಪ್ಪನ ಕೈ. ಇದರಲ್ಲಿ ಅನುಮಾನವೇ ಇಲ್ಲ.

ಕೆಳಗೆ ಮೂಲೆಯಲ್ಲಿ ಬರೆದವರ ಹೆಸರಿತ್ತು.

"ಚಿತ್ರ: ಹೊನ್ನೇಶ, ಕೊರ್ಲಹಳ್ಳಿ."

ಅವಳು ಎರಡನೆಯ ಪರದೆ ಬಿಚ್ಚಿದಳು. ಮೂರನೆಯದು. ನಾಲ್ಕನೆಯದು... ಎಲ್ಲದರ ಮೇಲೂ ಅದೇ ಹೆಸರು!

"ಏನಿದು?"

ಅವನು ತಲೆ ತಗ್ಗಿಸಿದ.

"ಇವನ್ನ ಬರದವರು ಯಾರು? ಖರೆ ಹೇಳ್ರಿ!"

"ಮಾಸ್ತರ ಬರದದ್ರಿ."

"ಹಂಗಾರ ನಿಮ್ಮ ಹೆಸರು ಯಾಕ ಬಂತು?"

"ಅದೊಂದ ಕೇಳಬ್ಯಾಡ್ರಿ ನೀಲಾ ಅವ್ರ. ನಿಮಗ ಕೈ ಮುಗೀತೀನಿ."

ಹೇಳು... ಏನಾದರೂ ಹೇಳು! ಸುಳ್ಳನ್ನಾದರೂ ಹೇಳು, ನಂಬುತ್ತೇನೆ! ಅವಳ ಮನಸ್ಸು ಕೂಗುತ್ತಿತ್ತು. ಅವನು ಕೈಯಲ್ಲಿದ್ದ ಪರದೆಯ ತುದಿಯನ್ನು ನೆಲದ ಮೇಲಿಟ್ಟ.

"ಕಳ್ಳ!" ಎಂದಳು ನೀಲಾ. "ಉಂಡ ಮನಿ ಗಳಾ ಎಣಿಸಿದೆಲ್ಲ! ಫಕ್ಕೀರವ್ವನ ಒಂದು ಧಾಟಿಗೂ ಹೆಸರು ಹೇಳಿದ ಮನಷ್ಯಾ ಅಂವ... ಅಂಥವನ ಹೆಸರ ಅಳಿಸಿ ನಿಂದು ಬರಕೊಂಡಿ? ನಾಚಿಕಿ ಆಗಲಿಲ್ಲ ನಿನಗ?"

"ಆಗೇತ್ರಿ," ಎಂದ ಅವನು, ಕೇಳಿಸಿಯೂ ಕೇಳಿಸದ ಹಾಗೆ.

ಅಲ್ಲಿಗೇ ಬಿಟ್ಟಿದ್ದರೆ ಚೆನ್ನಾಗಿತ್ತು. ಆದರೆ ಪ್ರೀತಿಸಿದವನು ಮೋಸ ಮಾಡಿದನೆಂಬ ಸಿಟ್ಟು ಬೇರೆ ಎಲ್ಲ ಸಿಟ್ಟಿಗಿಂತ ಕೆಟ್ಟದ್ದು. ಅವಳು ಪರದೆಗಳ ಫೋಟೋ ತೆಗೆದಳು. ಜಿಲ್ಲೆಯ ನಾಟಕದವರೆಲ್ಲ ಇದ್ದ ವಾಟ್ಸಾಪ್ ಗುಂಪಿಗೆ ಹಾಕಿ, "ಗುರುವಿನ ಹೆಸರು ಕದ್ದ ಶಿಷ್ಯ" ಎಂದು ಕೆಳಗೆ ಬರೆದಳು.

ಸಂಜೆಯೊಳಗೆ ಊರೂರಿಗೆ ಮುಟ್ಟಿತು. ಚನ್ನಬಸವಣ್ಣ ಫೋನ್ ಮಾಡಿ, ಆ ಹುಡುಗ ಕಾರ್ಯಕ್ರಮಕ್ಕೆ ಕಾಲಿಡಕೂಡದು ಎಂದರು. ಆ ವರ್ಷ ಹೊನ್ನೇಶನಿಂದ ನಾಟಕ ಕಲಿಯಬೇಕೆಂದಿದ್ದ ಮೂರು ಹಳ್ಳಿಯವರು ಅವನನ್ನು ಬೇಡವೆಂದರು. ಗುಂಪಿನಲ್ಲಿ ಜನ ಬಾಯಿಗೆ ಬಂದಂತೆ ಬರೆದರು. ಅವನು ಒಂದಕ್ಕೂ ಉತ್ತರ ಕೊಡಲಿಲ್ಲ.

ನೀಲಾ ಗೆದ್ದಿದ್ದಳು. ಹಾಗಾದರೆ ಈ ಅಳು ಯಾಕೆ ನಿಲ್ಲುತ್ತಿಲ್ಲ?

*

ಪುಣ್ಯಸ್ಮರಣೆಗೆ ಎರಡು ದಿನ ಉಳಿದಿತ್ತು. ಬೆಳಿಗ್ಗೆ ಬಾಗಿಲು ಬಡಿದ ಸದ್ದಾಯಿತು. ಹೊರಗೆ ಅಯ್ಯೂಬ ಚಾಚಾ. ಬಳ್ಳಾರಿಯಿಂದ ಬಂದವನು ಚೀಲವನ್ನೂ ಕೆಳಗಿಟ್ಟಿರಲಿಲ್ಲ.

"ಏನ್ ಮಾಡಿದೆವಾ ಬೇಟಿ ನೀನು!"

"ಚಾಚಾ, ಅಂವ..."

"ಆ ಹೆಸರು ಬರದಾಂವ ಹೊನ್ನೇಶ ಅಲ್ಲ. ನಿಮ್ಮಪ್ಪ! ನನ್ನ ಕಣ್ಮುಂದ, ತನ್ನ ಕೈಯಾರೆ ಬರದ."

ನೀಲಾ ಬಾಗಿಲ ಚೌಕಟ್ಟು ಹಿಡಿದಳು.

"ಒಂದ್ ದಿನಾ ಪರದಿ ತಂದಾಗ ನೋಡ್ತೀನಿ, ಮೂಲ್ಯಾಗ ಹೆಸರಿಲ್ಲ. ಯಾಕ ಮಾಸ್ತರ ಅಂದೆ. ಇನ್ನ ಬರಿಯೂದಿಲ್ಲ ಅಯ್ಯೂಬ ಅಂದ. ಹಂಗಾರ ನಾ ಒಯ್ಯೂದಿಲ್ಲ ಅಂದೆ. ನಮ್ಮ ಕಡೆ ಹೆಸರಿಲ್ಲದ ಪರದಿ ಯಾವೂರವರೂ ಕಟ್ಟೂದಿಲ್ಲವಾ. ದಿಕ್ಕಿಲ್ಲದ ಪರದಿ, ಕಟ್ಟಿದ್ರ ನಾಟಕ ಬೀಳತೈತಿ ಅಂತಾರ. ಯಾವುದಾರ ಒಂದು ಹೆಸರು ಬೇಕು. ಕುಂಚಾ ಕೈಗೆ ತಗೊಂಡ. ಆಮ್ಯಾಲೆ ಶಿಷ್ಯನ ಹೆಸರು ಬರದ. ಹುಡುಗ ಬ್ಯಾಡ್ರಿ ಅಂತ ಕಾಲು ಹಿಡಕೊಂಡು ಅತ್ತ."

"ಯಾಕ... ಅಪ್ಪ ಯಾಕ ತನ್ನ ಹೆಸರು ಬರೀಲಿಲ್ಲ?"

ಚಾಚಾ ಅವಳ ಮುಖ ನೋಡಿದ. ಹೇಳಲೋ ಬೇಡವೋ ಎಂದು ಒದ್ದಾಡಿದ.

"ಮಗಳು ಬ್ಯಾಡ ಅಂದಾಳ ಅಂದ."

ಆಗ ನೆನಪಾಯಿತು.

ಹತ್ತನೆಯ ತರಗತಿ. ಶಾಲೆಯ ವಾರ್ಷಿಕೋತ್ಸವದ ಗ್ಯಾದರಿಂಗ್. ಅಲ್ಲಿ ಕಟ್ಟಿದ್ದ ಪರದೆಯ ಮೂಲೆಯಲ್ಲಿ ದಪ್ಪ ಅಕ್ಷರದಲ್ಲಿ 'ಸಕ್ರಪ್ಪ, ಸೊರಟೂರ'. ಹುಡುಗಿಯರು ಆ ಹೆಸರಿಗೆ ಸೀರೆಯ ನೆರಿಗೆ ಹಿಡಿದವರ ಹಾಗೆ ನಮಸ್ಕಾರ ಮಾಡಿ ಬಿದ್ದು ಬಿದ್ದು ನಕ್ಕಿದ್ದರು. ಅವಳು ಮನೆಗೆ ಬಂದು ತಾಟು ನೂಕಿದ್ದಳು. "ಯಪ್ಪಾ, ಇನ್ನ ಎಲ್ಲೂ ನಿನ್ನ ಹೆಸರು ಬರೀಬ್ಯಾಡ! ನನಗ ತಲಿ ಎತ್ತಾಕ ಆಗವಲ್ದು!"

"ಆತವಾ," ಎಂದಿದ್ದರು ಅಪ್ಪ. ಒಂದೇ ಮಾತು.

ಅವಳು ಮರುದಿನವೇ ಮರೆತಿದ್ದಳು. ಅವರು ಸಾಯುವವರೆಗೂ ನಡೆಸಿಕೊಟ್ಟರು.

"ಹೊನ್ನೇಶಗ ಇದು ಗೊತ್ತೈತೇನು ಚಾಚಾ?"

"ಗೊತ್ತಿಲ್ಲದ ಏನು? ಬಾಯಿ ಬಿಟ್ಟು ಹೇಳಿದ್ರ ನಿನ್ನ ಮಾನ ಹೊಕ್ಕಿತ್ತು. ಅದಕ್ಕ ತನ್ನದು ಕಳಕೊಂಡ."

ನೀಲಾ ನೆಲದ ಮೇಲೆ ಕೂತು ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ನಾಚಿಕೆ ಎಂದರೆ ಏನೆಂದು ತನಗೆ ಚಿಕ್ಕಂದಿನಿಂದ ಗೊತ್ತಿದೆ ಎಂದುಕೊಂಡಿದ್ದಳು. ಗೊತ್ತಿರಲಿಲ್ಲ.

ಫೋನ್ ಹಚ್ಚಿದಳು. ಅವನದು ಬಂದ್ ಆಗಿತ್ತು.

*

ಲಕ್ಷ್ಮೇಶ್ವರದ ಸಭಾಭವನ ಸಂಜೆ ಐದಕ್ಕೇ ತುಂಬಿತ್ತು. ಹಿಂದೆ ಅರಮನೆಯ ಪರದೆ ಕಟ್ಟಿದ್ದರು. ಮೂಲೆಯ ಹೆಸರಿನ ಮೇಲೆ ಯಾರೋ ಬಿಳಿ ಕಾಗದ ಅಂಟಿಸಿದ್ದರು. ಮುಂದಿನ ಸಾಲಿನಲ್ಲಿ ಅವಳ ತಾಯಿ ಶಿವಲಕ್ಷ್ಮಿ, ಫಕ್ಕೀರವ್ವ, ಹನಮಂತ. ಅವರ ಹಿಂದೆ ಕಾಲೇಜಿನವರು. ಶೈಲಾ ಮೇಡಂ ಕೂಡ.

ಸಿಟ್ಟಿನಲ್ಲಿ ಕೊಯ್ದ ಮೂಗು ಸಮಾಧಾನದಲ್ಲಿ ಬರುವುದಿಲ್ಲ. ಗೊತ್ತಿತ್ತು ಅವಳಿಗೆ. ಆದರೂ ಮೈಕಿನ ಮುಂದೆ ನಿಂತಳು. ಕೈಯಲ್ಲಿ ಬರೆದುಕೊಂಡು ಬಂದ ಭಾಷಣವಿತ್ತು. ಅದನ್ನು ಮಡಚಿದಳು.

"ಸಕ್ರಪ್ಪ ಮಾಸ್ತರ ನನ್ನ ತಂದಿ," ಎಂದಳು. "ಇದನ್ನ ನಾ ಇಷ್ಟ ಮಂದಿ ಮುಂದ ಹೇಳೂದು ಇದ ಮೊದಲ್ರಿ. ಕಾಲೇಜಿನ್ಯಾಗ ಡ್ರಾಯಿಂಗ್ ಟೀಚರ್ ಅಂತ ಸುಳ್ಳ ಹೇಳೀನಿ. ಒಂದ್ ದಿನಾ ಗೊತ್ತ ಇಲ್ಲ ಅಂತನೂ ಅಂದೀನಿ."

ಶೈಲಾ ಮೇಡಂ ಬೆರಗಾಗಿ ನೋಡಿದರು. ಚನ್ನಬಸವಣ್ಣ ಎದ್ದು ಬಂದು ಮೆಲ್ಲಗೆ ಹೇಳಿದರು. "ಬ್ಯಾಡ ತಂಗಿ. ಮನಿ ಮಾತು ಹೊರಗ ಯಾಕ?"

"ಹೊರಗಿನ ಮಾತ ಆಗೇತ್ರಿ. ನಾನ ಮಾಡೀನಿ."

ಅವಳು ಎಲ್ಲವನ್ನೂ ಹೇಳಿದಳು. ಹತ್ತನೆಯ ತರಗತಿಯ ತಾಟು. ಅಪ್ಪನ 'ಆತವಾ'. ಹೆಸರಿಲ್ಲದ ಪರದೆ. "ಹೆಸರು ಕದ್ದಾಂವ ಹೊನ್ನೇಶ ಅಲ್ರಿ. ಅಪ್ಪನ ಕಡಿಂದ ಹೆಸರು ಕಸಗೊಂಡಾಕಿ ನಾನು. ಅಂವ ನನ್ನ ಮಾನ ಕಾಯಾಕ ಹೋಗಿ ಕಳ್ಳ ಆದ. ಗುಂಪಿನ್ಯಾಗ ನಾ ಬರದದ್ದು ಸುಳ್ಳು. ಈಗ ನಾ ಹೇಳಿದ್ದನ್ನೂ ಎಲ್ಲಾರೂ ಅಷ್ಟ ಜಲ್ದಿ ಊರಿಗೆ ಮುಟ್ಟಸ್ರಿ."

ಯಾರೂ ಚಪ್ಪಾಳೆ ತಟ್ಟಲಿಲ್ಲ. ತಟ್ಟುವಂಥ ಮಾತೂ ಅಲ್ಲ. ಹಿಂದಿನ ಸಾಲಿನಲ್ಲಿ ಯಾರೋ "ಎಂಥಾ ಮಗಳಪ್ಪಾ!" ಎಂದದ್ದು ಸ್ಪಷ್ಟವಾಗಿ ಕೇಳಿಸಿತು. ಅವಳು ಮೈಕಿನ ಮುಂದೆಯೇ ನಿಂತಿದ್ದಳು.

ಫಕ್ಕೀರವ್ವ ಕೂತಲ್ಲಿಂದಲೇ ಹೇಳಿದಳು. "ಹೇಳಿದೆಲ್ಲ. ಕುಂಡ್ರವಾ ಈಗ."

ತಾಯಿ ಪಕ್ಕಕ್ಕೆ ಸರಿದು ಮಗಳಿಗೆ ಜಾಗ ಮಾಡಿದಳು.

*

ಮರುದಿನ ಬೆಳಿಗ್ಗೆ ಶಿರಹಟ್ಟಿಯ ಮೇಲೆ ಹೋಗುವ ಬಸ್ಸು ಹಿಡಿದು ಮುಂಡರಗಿ, ಅಲ್ಲಿಂದ ಇನ್ನೊಂದು ಬಸ್ಸಿಗೆ ಕೊರ್ಲಹಳ್ಳಿ. ದಾರಿಯುದ್ದಕ್ಕೂ ಒಂದೇ ಯೋಚನೆ. ಅವನು ಮುಖ ತಿರುಗಿಸಿದರೆ? ತಿರುಗಿಸಲಿ. ಅದು ಅವನ ಹಕ್ಕು... ಆದರೂ ದೇವರೇ, ತಿರುಗಿಸದಿರಲಿ!

ಹೊನ್ನೇಶ ಹೊಳೆಯಲ್ಲಿ ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದ. ಪರದೆಗೆಂದು ತಂದ ಹೊಸ ಬಟ್ಟೆಯ ಗಂಜಿ ಹೋಗಲೆಂದು ನೀರಲ್ಲಿ ಜಾಲಿಸುತ್ತಿದ್ದ. ಒಬ್ಬನಿಂದ ಹಿಂಡಲಾಗದಷ್ಟು ಉದ್ದ ಬಟ್ಟೆ. ಅವಳನ್ನು ಕಂಡು ಬಟ್ಟೆಯನ್ನು ನೀರಿನಿಂದ ಮೇಲೆತ್ತಿದ. ಆಮೇಲೆ ಒಂದು ತುದಿಯನ್ನು ಅವಳ ಕಡೆ ಎಸೆದ.

"ಹಿಡೀರಿ. ಅಯ್ಯೂಬ ಚಾಚಾ ರಾತ್ರಿನ ಮನಿಗೆ ಫೋನ್ ಮಾಡಿ ಎಲ್ಲಾ ಹೇಳ್ಯಾನ."

ಅವಳು ಚಪ್ಪಲಿ ಬಿಟ್ಟು ನೀರಿಗಿಳಿದಳು. ಅವನು ಬಲಕ್ಕೆ ತಿರುವಿದ, ಅವಳು ಎಡಕ್ಕೆ. ಬಟ್ಟೆಯಿಂದ ನೀರು ಧಾರೆಯಾಗಿ ಸುರಿಯಿತು.

"ನನ್ನ ಮ್ಯಾಲ ಸಿಟ್ಟೈತೇನ್ರಿ?"

"ಐತಿ."

ಅವಳ ಕೈ ಸಡಿಲಾಯಿತು.

"ಬಿಗಿ ಹಿಡೀರಿ, ಜಾರತೈತಿ. ಕಳ್ಳ ಅಂದಿದ್ದಕ್ಕಲ್ಲ. ಐದ ಭಾನುವಾರ ನನ್ನ ಕೂಡ ಅಡ್ಡಾಡಿ, ಒಂದ್ ದಿನಾ ತಡೀಲಿಲ್ಲಲ್ರಿ ನೀವು. ಅದಕ್ಕ ಸಿಟ್ಟು."

"ತಪ್ಪಾತು," ಎಂದಳು ನೀಲಾ. ಕಣ್ಣೀರು ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ. "ಭಾಳ ತಪ್ಪಾತು. ನನ್ನ ಮಾನ ಕಾಯಾಕ ನೀವು ಇಷ್ಟೆಲ್ಲಾ..."

"ಹಂಗ ಅನಬ್ಯಾಡ್ರಿ." ಅವನ ದನಿ ಥಟ್ಟನೆ ಬದಲಾಯಿತು. "ಎಲ್ಲಾರೂ ಈಗ ನನ್ನ ದೇವ್ರ ಮಾಡ್ಯಾರ. ಖರೇ ಸಂಗತಿ ಚಾಚಾಗೂ ಗೊತ್ತಿಲ್ಲ."

"ಏನದು?"

ಅವನು ಹಿಂಡುವುದನ್ನು ನಿಲ್ಲಿಸಿದ.

"ಮೊದಲನೇ ಪರದಿಗೆ ಅತ್ತದ್ದು ಖರೆ. ಎರಡನೇದಕ್ಕ ಅಳಲಿಲ್ರಿ. ಮೂರನೇದಕ್ಕ ನನ್ನ ಹೆಸರು ಯಾವಾಗ ಬರೀತಾರಂತ ಕಾಯ್ಕೋತ ನಿಂತಿದ್ದೆ. ಮಂದಿ ಎಂಥಾ ಕೈ ಹುಡುಗಂದು ಅಂತಿದ್ರು, ನಾ ಕೈ ಮುಗಿದು ಆ ಹೊಗಳಿಕಿ ಇಸಗೋತಿದ್ದೆ. ಮಾಸ್ತರ ಬಾಜೂಕ ನಿಂತು ನಗತಿದ್ರು. ನೀವು ಕಳ್ಳ ಅಂದಾಗ ಬಾಯಾಗ ಮಾತ ಯಾಕ ಬರಲಿಲ್ಲ ಗೊತ್ತೇನ್ರಿ? ಅರ್ಧಾ ನಿಮ್ಮ ಸಲುವಾಗಿ. ಇನ್ನರ್ಧಾ, ಅದು ಸುಳ್ಳ ಅಂತ ಹೇಳಾಕ ನನಗ ಧೈರ್ಯ ಇರಲಿಲ್ಲ."

ನೀಲಾ ಅವನನ್ನು ನೋಡಿದಳು. ಇಷ್ಟು ದಿನ ನೋಡಿದ್ದು ಅಪ್ಪನ ಶಿಷ್ಯನನ್ನು. ಈಗ ಕಾಣುತ್ತಿರುವವನು ಅವಳ ಹಾಗೆಯೇ ತಲೆ ತಗ್ಗಿಸಿ ನಿಂತ ಒಬ್ಬ ಮನುಷ್ಯ. ಅವಳಿಗೆ ಅವನ ಮೇಲೆ ಇದ್ದ ಪ್ರೀತಿ ಆ ಗಳಿಗೆಗೆ ಇಮ್ಮಡಿಯಾಯಿತು. ಬಟ್ಟೆಯನ್ನು ಮಡಚುತ್ತಾ ಅವನ ಹತ್ತಿರಕ್ಕೆ ಬಂದಳು, ಒಂದು ಮಡಿಕೆ, ಇನ್ನೊಂದು ಮಡಿಕೆ, ಇಬ್ಬರ ಕೈಯೂ ತಾಗುವವರೆಗೆ.

"ಹಂಗಾರ ಮಾಸ್ತರ ಹೆಸರು ನುಂಗಿದವರು ಇಬ್ಬರು," ಎಂದಳು.

"ಹೌದ್ರಿ. ಪರದಿ ಮ್ಯಾಲ ಅವರ ಹೆಸರು ಬರಿಯಾಕ ಇಬ್ಬರೂ ಬೇಕಾಕ್ಕೀವಿ. ಹದಿನೆಂಟ ಪರದಿ ಅದಾವು."

"ಎಷ್ಟ ದಿನಾ ಹಿಡೀತೈತಿ?"

"ಜನ್ಮ ಹಿಡದ್ರೂ ನನಗೇನ ಅವಸರಿಲ್ಲ." ಅವನು ಆ ದಿನ ಮೊದಲ ಸಲ ನಕ್ಕ. ಆಮೇಲೆ ನಗು ಬಿಟ್ಟು, ಅವಳ ತಣ್ಣಗಾದ ಬೆರಳುಗಳನ್ನು ಹಿಡಿದ. "ನಮ್ಮವ್ವ ಮನ್ಯಾಗ ಅದಾಳ. ಬರ್ರಿ, ಹೋಗೂಣು. ಮಾತಾಡಬೇಕು."

ನೀಲಾ ತನ್ನನ್ನು ತಾನೇ ನೋಡಿಕೊಂಡಳು. ನೆನೆದ ಸೀರೆ, ಅತ್ತ ಕಣ್ಣು, ಊರೆಲ್ಲ ಹಬ್ಬಿದ ಸುದ್ದಿ... ಇಂಥವಳನ್ನು ಯಾವ ತಾಯಿಗೆ ಏನೆಂದು ತೋರಿಸುತ್ತಾನೆ ಇವನು?

"ಏನಂತ ಹೇಳ್ತೀರಿ ಅವರಿಗೆ? ನನಗ ಹಾಡಾಕ ಬರೂದಿಲ್ಲ, ಬಣ್ಣಾ ಹಚ್ಚಾಕ ಬರೂದಿಲ್ಲ..."

"ಅವ್ವಾ, ಇಕಿಗೆ ತಪ್ಪ ಮಾಡಿದ್ರ ಮಂದಿ ಮುಂದ ಒಪ್ಪಗೊಳ್ಳಾಕ ಬರತೈತಿ, ನನಗಿನ್ನೂ ಬರವಲ್ದು, ಕಲಸಾಕ ಕರಕೊಂಡು ಬಂದೇನಿ ಅಂತೀನಿ."